‘ಎಕ್ಸ್11 ಬೆಂಬಲ ಇದೆ’ ಎಂದರೆ ಸಾಲದು

ಮಾನ್ಯ ಸಂಪಾದಕರೇ,

ಈಗಿರುವ ಯುನಿಕ್ಸ್, ಲಿನಕ್ಸ್ ಕಂಪ್ಯೂಟರುಗಳನ್ನೇ ಉಳಿಸಿಕೊಂಡು ನೆಟ್‌ವರ್ಕ್ ಗ್ರಾಫಿಕ್ಸ್ ಟರ್ಮಿನಲ್ (ಬೇರೆ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಮಿನ ಕಿಟಕಿಗಳನ್ನು ತೋರಿಸುವ ಪರದೆ–ಕೀಲಿಮಣೆ ಯಂತ್ರ) ಕೊಳ್ಳುವವರು ಟೆಂಡರಿನಲ್ಲಿ ಪರದೆಯ ಅಳತೆ, ಪ್ರೊಸೆಸರ್ ವೇಗಕ್ಕೆ ಅರ್ಧ ಪುಟ ಕೊಟ್ಟು, ಹೊಂದಾಣಿಕೆಯನ್ನು ‘ಎಕ್ಸ್11 ಬೆಂಬಲ ಇರಬೇಕು’ ಎಂಬ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಪ್ರೋಗ್ರಾಮಿನ ಕಿಟಕಿಗಳನ್ನು ಜಾಲದಾಚೆಯ ಪರದೆಯಲ್ಲೂ ಮೂಡಿಸಬಲ್ಲ ವ್ಯವಸ್ಥೆಯಾದ ಎಕ್ಸ್11 ಬಂದದ್ದು 1987ರಲ್ಲಿ. ಅದರ ಮೂಲ ಪ್ರೋಟೊಕಾಲ್‌ನಲ್ಲಿ ತಕರಾರು ಅಪರೂಪ. ತೊಡಕು ಬರುವುದು ಆಮೇಲೆ ಸೇರಿದ ಹೆಚ್ಚುವರಿ ಸೌಲಭ್ಯಗಳಾದ ಎಕ್ಸ್‌ಟೆನ್ಶನ್‌ಗಳಲ್ಲಿ.

ಹಾಗಾಗಿ ಒಂದು ಟರ್ಮಿನಲ್ ಪರೀಕ್ಷೆಗೆ ತರಿಸಿ, ನಿಮ್ಮ ಕಂಪ್ಯೂಟರಿನಲ್ಲೇ ‘ಎಕ್ಸ್‌ಡಿಪಿವೈಇನ್ಫೋ’ (xdpyinfo) ಎಂಬ ಆಜ್ಞೆ ಓಡಿಸಿ. ಟರ್ಮಿನಲ್‌ನಲ್ಲಿರುವ ಎಕ್ಸ್‌ಟೆನ್ಶನ್‌ಗಳು, ಬಣ್ಣದ ವಿಧಾನಗಳು ಎಲ್ಲವೂ ಅದರಲ್ಲಿ ಕಾಣುತ್ತವೆ. ಪಟ್ಟಿಯಲ್ಲಿ, ಬಣ್ಣ ಬೆರೆಸುವ ಕೆಲಸವನ್ನು ಟರ್ಮಿನಲ್ಲಿಗೇ ವಹಿಸುವ ‘ರೆಂಡರ್’ ಇಲ್ಲದಿದ್ದರೆ ಇಂದಿನ ಪ್ರೋಗ್ರಾಮುಗಳು ಅಕ್ಷರದ ಅಂಚು ನಯಗೊಳಿಸಲು ಪರದೆಯ ಚಿತ್ರವನ್ನು ನೆಟ್‌ವರ್ಕಿನಲ್ಲಿ ವಾಪಸು ತರಿಸಿ, ಬಣ್ಣ ಬೆರೆಸಿ, ಮತ್ತೆ ಕಳಿಸುತ್ತವೆ. ಪುಟ ಸರಿಸಿದಾಗ ಅಕ್ಷರಗಳು ತೆವಳುವುದು ಇದರಿಂದಲೇ. ಮಾರಾಟಗಾರರು ಮಾತ್ರ ಕೇಬಲ್ಲನ್ನು ದೂರುತ್ತಾರೆ.

ಬಣ್ಣದ್ದು ಇನ್ನೊಂದು ಗೋಳು. 8 ಬಿಟ್ ‘ಸ್ಯೂಡೊಕಲರ್’ (256 ಬಣ್ಣಗಳ ಪಟ್ಟಿಯಿಂದ ಆರಿಸುವ ವಿಧಾನ) ಬೇಕೆನ್ನುವ ಹಳೆಯ ನಕ್ಷೆ ತಂತ್ರಾಂಶ, 24 ಬಿಟ್ ‘ಟ್ರೂಕಲರ್’ (ಪ್ರತಿ ಪಿಕ್ಸೆಲ್‌ಗೂ ಬಣ್ಣವನ್ನು ನೇರವಾಗಿ ಹೇಳುವ ವಿಧಾನ) ಮಾತ್ರ ಕೊಡುವ ಹೊಸ ಟರ್ಮಿನಲ್‌ನಲ್ಲಿ ತೆರೆಯುವ ಮೊದಲೇ ನಿಂತುಹೋಗಬಹುದು. ಉತ್ತಮ ಟರ್ಮಿನಲ್ ಎಂಬುದೇ ಇಲ್ಲಿ ಅಡ್ಡಿ! ಕೊಳ್ಳುವ ನಿರ್ಧಾರಕ್ಕೆ ಮುಂಚೆ ನಿಮ್ಮ ಅತಿ ಹಳೆಯ ಪ್ರೋಗ್ರಾಮನ್ನೂ ಅತಿ ಹೊಸದನ್ನೂ ಓಡಿಸಿ ನೋಡಲೇಬೇಕು. ಎಕ್ಸ್‌ಗೆ ಬದಲಾಗಿ ಬಂದ ವೇಲ್ಯಾಂಡ್‌ಗೆ ಮಾತ್ರ ಬರೆದ ಪ್ರೋಗ್ರಾಮ್ ಎಕ್ಸ್ ಟರ್ಮಿನಲ್‌ನಲ್ಲಿ ತೆರೆಯುವುದೇ ಇಲ್ಲ.

ಲೆಕ್ಕವನ್ನೂ ಹಾಕಿ. 1280×1024 ಪರದೆಯ ಒಂದು ಚಿತ್ರ, ಪಿಕ್ಸೆಲ್‌ಗೆ 4 ಬೈಟ್‌ನಂತೆ 52 ಲಕ್ಷ ಬೈಟ್ ದಾಟುತ್ತದೆ. 10 ಮೆಗಾಬಿಟ್ ಜಾಲದಲ್ಲಿ ಅದಕ್ಕೆ ನಾಲ್ಕು ಸೆಕೆಂಡಿಗೂ ಹೆಚ್ಚು ಬೇಕು. ಕಂಪ್ಯೂಟರಿನ ಸ್ವಂತ ಪರದೆಯಲ್ಲಿ ನೆರವಾಗುವ ಶೇರ್ಡ್ ಮೆಮೊರಿ (ಚಿತ್ರವನ್ನು ಕಳಿಸದೆ ಒಂದೇ ಮೆಮೊರಿಯನ್ನು ಹಂಚಿಕೊಳ್ಳುವ ಉಪಾಯ) ಜಾಲದಾಚೆ ಕೆಲಸ ಮಾಡದು. ಚಿತ್ರಗಳನ್ನು ಪ್ರೋಗ್ರಾಮುಗಳು ಟರ್ಮಿನಲ್‌ನ ಮೆಮೊರಿಯಲ್ಲೇ ಇಡುವುದರಿಂದ, ಬ್ರೌಸರ್ ತೆರೆದು ಒಂದಿಷ್ಟು ಹೊತ್ತಾದ ಮೇಲೆ ಆ ಮೆಮೊರಿ ತುಂಬಿದರೆ ‘ಬ್ಯಾಡ್‌ಅಲಾಕ್’ ಎಂಬ ದೋಷ ಬಂದು ಕಿಟಕಿ ಮಾಯವಾಗಬಹುದು. ಐದು ನಿಮಿಷದ ಪ್ರದರ್ಶನದಲ್ಲಿ ಇದು ಕಾಣುವುದಿಲ್ಲ. ಒಂದು ಇಡೀ ದಿನ ಬಳಸಿ.

ಫೈರ್‌ವಾಲ್ ನೋಡುವವರು ದಿಕ್ಕು ತಪ್ಪುವುದುಂಟು. ಲಾಗಿನ್ ಕೋರಿಕೆ ಟರ್ಮಿನಲ್‌ನಿಂದ ಕಂಪ್ಯೂಟರಿನ ಯುಡಿಪಿ ಪೋರ್ಟ್ 177ಕ್ಕೆ ಹೋಗುತ್ತದೆ, ಆದರೆ ಕಿಟಕಿ ತೆರೆಯಲು ಕಂಪ್ಯೂಟರೇ ಟರ್ಮಿನಲ್‌ನ ಟಿಸಿಪಿ ಪೋರ್ಟ್ 6000ಕ್ಕೆ ಸಂಪರ್ಕ ಮಾಡುತ್ತದೆ. ಎರಡನೆಯದನ್ನು ತಡೆದರೆ ಲಾಗಿನ್ ಪರದೆಯೇ ಮೂಡದು. ಅವಸರಕ್ಕೆ, ಎಲ್ಲ ಯಂತ್ರಗಳಿಗೂ ಪ್ರವೇಶ ಬಿಡುವ ‘ಎಕ್ಸ್‌ಹೋಸ್ಟ್ +’ ಆಜ್ಞೆ ಕೊಟ್ಟರೆ ಆ ಟರ್ಮಿನಲ್ಲನ್ನು ತಲುಪಬಲ್ಲ ಯಾರು ಬೇಕಾದರೂ ಕೀಲಿಮಣೆಯ ಒತ್ತುಗಳನ್ನು ಓದಬಹುದು. ಗುಪ್ತ ಸಂಕೇತ ತೋರಿಸಿದ ಪ್ರೋಗ್ರಾಮಿಗಷ್ಟೇ ಪ್ರವೇಶ ಕೊಡುವ ಕುಕಿ ಆಧಾರಿತ ಅನುಮತಿ ಬಳಸಿ.

ಟಿಎಫ್‌ಟಿಪಿ (ಜಾಲದಿಂದ ಫೈಲ್ ತರಿಸುವ ಸರಳ ವಿಧಾನ) ಮೂಲಕ ಬೂಟ್ ಆಗುವ ಮಾದರಿಯಾದರೆ, ಬೂಟ್ ಸರ್ವರ್ ನಿಲ್ಲಿಸಿ ಟರ್ಮಿನಲ್ ಚಾಲೂ ಮಾಡಿ ನೋಡಿ. ಒಳಗಿನ ಫ್ಲ್ಯಾಶ್‌ನಿಂದಾಗಲಿ ಎರಡನೇ ಸರ್ವರಿನಿಂದಾಗಲಿ ಅದು ಏಳದಿದ್ದರೆ, ಒಂದು ಯಂತ್ರ ಕೆಟ್ಟ ದಿನ ಬೆಳಿಗ್ಗೆ ಯಾವ ಮೇಜಿನಲ್ಲೂ ಕೆಲಸ ಶುರುವಾಗದು.

– ಸಿಸ್ಟಮ್ ನಿರ್ವಾಹಕರು