ಗಿಡಕ್ಕೆ ದುಡ್ಡು ಸರಿ, ಬೇಲಿಗೆ?

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ರ ಬಂತು, ಇನ್ನು ಸ್ವಲ್ಪ ದಿನದಲ್ಲಿ ನರ್ಸರಿಗಳ ಮುಂದೆ ಗಿಡ ಒಯ್ಯೋ ಪಿಕಪ್ ಗಾಡಿಗಳು ನಿಲ್ತವೆ, ಅದಕ್ಕೇ ಈ ಪತ್ರ ಈಗ್ಲೇ ಬರೀತಿದೀನಿ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ನಡೀತಾ ಇದೆ. ರೈತ ತನ್ನ ಜಮೀನಲ್ಲಿ ಗಿಡ ನೆಟ್ಟು ಬದುಕಿಸಿದ್ರೆ ಬದುಕಿದ ಒಂದೊಂದು ಗಿಡಕ್ಕೆ ಮೊದಲನೇ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ ಕೊಡ್ತಾರೆ. ಒಳ್ಳೇ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಗುಡ್ಡದ ಮೇಲೆ ದನ ಬಿಟ್ಟು ಮೇಯಿಸೋ ನಮ್ಮಂಥವರ ಲೆಕ್ಕ ಇದರೊಳಗೆ ಬಂದಿಲ್ಲ.

ನಮ್ಮನೇಲಿ ಮಲೆನಾಡು ಗಿಡ್ಡ ಅನ್ನೋ ಸಣ್ಣ ತಳಿಯ ಆರು ದನ ಇದಾವೆ. ಬೆಳಿಗ್ಗೆ ಹಾಲು ಕರೆದು ದಣಪೆ (ಬೇಲಿಯ ಅಡ್ಡಗಳ) ತೆಗೆದ್ರೆ ಅವು ತಾವೇ ಗುಡ್ಡ ಹತ್ತಿ ಸಂಜೆ ತಾವೇ ಕೊಟ್ಟಿಗೆಗೆ ಬರ್ತವೆ. ಡೈರಿಗೆ ಹಾಲು ಹಾಕೋರಿಗೆ ಸರ್ಕಾರದ್ದು ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಇದೆ, ಗಿಡ್ಡ ಕೊಡೋ ಒಂದೆರಡು ಲೀಟರ್ ಮನೆಗೇ ಸರಿಹೋಗ್ತದೆ, ಹಾಗಾಗಿ ಅದೂ ನಮಗೆ ಬರಲ್ಲ. ನಾವು ಇವನ್ನ ಸಾಕೋದು ಮುಖ್ಯವಾಗಿ ತೋಟದ ಗೊಬ್ಬರಕ್ಕೆ.

ಮೂರು ವರ್ಷದ ಹಿಂದೆ ಬ್ಯಾಣದಲ್ಲಿ (ನಮ್ಮ ಹುಲ್ಲುಗಾವಲಲ್ಲಿ) 200 ಗಿಡ ನೆಟ್ಟೆ, ಹಲಸು, ನೆಲ್ಲಿ, ಮತ್ತಿ, ಮುರುಗಲು ಎಲ್ಲ ಸೇರಿ. ಈಗ ಉಳಿದಿರೋದು 61. ದನ ತಿಂದಿದ್ದು ಕಡಿಮೆನೇ, ಹಲಸಿನ ಸೊಪ್ಪು ಮಾತ್ರ ಬಿಡಲ್ಲ ಅವು. ಹೆಚ್ಚು ಹಾಳಾಗಿದ್ದು ಉಜ್ಜಿದ್ದಕ್ಕೆ. ಸೊಂಟದ ಎತ್ತರ ಬಂದಿದ್ದ ಒಂದು ಮತ್ತಿ ಗಿಡಕ್ಕೆ ನಮ್ಮ ಕೆಂಪಿ ಕುತ್ತಿಗೆ ಒತ್ತಿ ಕಣ್ಣು ಮುಚ್ಕೊಂಡು ತುರಿಸ್ಕೊಳ್ತಾ ನಿಂತಿತ್ತು, ನಾನು ಓಡಿ ಹೋಗೋದ್ರೊಳಗೆ ಗಿಡ ಬುಡದಲ್ಲೇ ಸೀಳಿ ಹೋಯ್ತು. ದನಕ್ಕೆ ಏನಂತ ಬೈಯೋದು ಹೇಳಿ, ಅದು ಹುಟ್ಟಿದಾಗಿಂದ ಮೇಯ್ತಿರೋ ಜಾಗ ಅದು.

ಬೇಲಿ ಹಾಕಿ ಅಂತಾರೆ. ನಮ್ಮ ಕಡೆ ಒಂದಾಳಿನ ಸಂಬಳ ಈಗ 500ರ ಮೇಲಿದೆ, ಮುಳ್ಳು ಕಡಿದು ತಂದು ಕಟ್ಟೋದಾದ್ರೆ ಒಬ್ಬ ದಿನಕ್ಕೆ ಹತ್ತು-ಹನ್ನೆರಡು ಗಿಡಕ್ಕೆ ಕಟ್ಟಿದ್ರೆ ಹೆಚ್ಚು, ಅಂದ್ರೆ ಮೊದಲನೇ ವರ್ಷದ 35 ರೂಪಾಯಿ ಅಲ್ಲಿಗೇ ಸಾಲಲ್ಲ, ಒಂದು ಮಳೆಗಾಲಕ್ಕೆ ಆ ಮುಳ್ಳು ಕೊಳೆತು ಹೋಗ್ತದೆ, ಮತ್ತೆ ಮುಂದಿನ ವರ್ಷ ಅದೇ ಕೆಲಸ. ಇಲ್ಲಾಂದ್ರೆ ಮೂರು ವರ್ಷ ದನ ಕಟ್ಟಿ ಹಾಕಬೇಕು, ಹುಲ್ಲು ಹಿಂಡಿ ಕೊಂಡು ತರಬೇಕು. ಅಷ್ಟು ಖರ್ಚು ಮಾಡೋ ಬದ್ಲು ದನಾನೇ ಮಾರಿಬಿಡೋಣ ಅಂತ ನಮ್ಮೂರಲ್ಲೇ ಎಷ್ಟೋ ಮನೆ ಕೊಟ್ಟಿಗೆ ಖಾಲಿ ಮಾಡಿದಾವೆ. ದುಡ್ಡು ಬರೋದು ವರ್ಷ ಮುಗಿದು ಗಿಡ ಎಣಿಸಿದ ಮೇಲೆ, ಖರ್ಚು ಇರೋದು ನೆಟ್ಟ ವಾರದಲ್ಲೇ.

ಇನ್ನೊಂದು, ಗ್ಲಿರಿಸಿಡಿಯಾ (ನಾವು ಗೊಬ್ಬರದ ಗಿಡ ಅಂತೀವಿ), ಸುಬಾಬುಲ್ ಇವಕ್ಕೆಲ್ಲ ಈ ಯೋಜನೇಲಿ ದುಡ್ಡಿಲ್ಲ. ಸುಲಭವಾಗಿ ಬೆಳೆಯೋ ಗಿಡ ಅಂತ ಬಿಟ್ಟಿರಬಹುದು, ಸರಿ. ಆದ್ರೆ ದನ ಇರೋ ಮನೆಗೆ ಬೇಸಿಗೇಲಿ ಮೇವಿಗೂ ಬೇಲಿಗೂ ಆಗೋ ಗಿಡ ಅವು, ಬೇಲಿ ಸಾಲಲ್ಲಿ ಅದನ್ನೇ ನೆಟ್ಟು ಒಳಗೆ ಹಲಸು ಮತ್ತಿ ಹಾಕಿದ್ರೆ ಎರಡೂ ಉಳೀತವೆ. ದನ ಸಾಕೋರಿಗೆ ಅದನ್ನೂ ಲೆಕ್ಕಕ್ಕೆ ತಗೋಬೇಕು.

ಸೊಪ್ಪಿನ ಬೆಟ್ಟ, ಅಂದ್ರೆ ತೋಟಕ್ಕೆ ಸೊಪ್ಪು ತರೋಕೆ ಬಿಟ್ಟುಕೊಟ್ಟಿರೋ ಸರ್ಕಾರದ ಕಾಡು, ಅದರ ವಿಷಯ ಇದಕ್ಕಿಂತ ದೊಡ್ಡದು. ಉತ್ತರ ಕನ್ನಡದಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆ ತನಕ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಬಂದಿದೆ. ಸೊಪ್ಪು, ದರಕು (ಒಣಗಿ ಉದುರಿದ ಎಲೆ), ಮೇವು ಎಲ್ಲ ಅಲ್ಲಿಂದಾನೇ. ಬೋಳಾಗಿರೋದೂ ಅದೇ, ಗಿಡ ಬೇಕಾಗಿರೋದೂ ಅಲ್ಲೇ. ಆದ್ರೆ ಪ್ರೋತ್ಸಾಹಧನಕ್ಕೆ ಪಹಣಿ ಕೇಳ್ತಾರೆ, ಬೆಟ್ಟ ನಮ್ಮ ಮಾಲ್ಕಿ ಅಲ್ಲ. ನಾಲ್ಕೈದು ಮನೆ ಸೇರಿ ಗ್ರಾಮ ಅರಣ್ಯ ಸಮಿತಿ ಮೂಲಕ ಅರ್ಜಿ ಹಾಕೋಕೆ ಅವಕಾಶ ಕೊಡಿ. ಬೆಟ್ಟದ ಒಂದು ಭಾಗಕ್ಕೆ ಅಗಳ (ಕಂದಕ) ಹೊಡೆಸಿ ಮೂರು ವರ್ಷ ದನ ಬಿಡದೆ ಕಾಯ್ತೀವಿ, ಆಮೇಲೆ ಅದನ್ನ ಬಿಟ್ಟು ಇನ್ನೊಂದು ಭಾಗ. ನಮ್ಮ ಅಜ್ಜಂದಿರು ಕರಡಕ್ಕೆ (ಒಣಹುಲ್ಲಿಗೆ) ಬ್ಯಾಣ ಕಾಯ್ತಿದ್ದಿದ್ದೂ ಹೀಗೇ. 125 ರೂಪಾಯಿ ಹೆಚ್ಚು ಮಾಡಿ ಅಂತ ನಾನು ಕೇಳ್ತಿಲ್ಲ, ದನ ಇರೋ ಮನೆಗೆ ಬೇಲಿ ದುಡ್ಡನ್ನ ಬೇರೆಯಾಗಿ, ಗಿಡ ನೆಡೋಕೆ ಮೊದಲೇ ಕೊಡಿ.

ಈ ಸಲ ನಾನು 30 ಗಿಡ ಮಾತ್ರ ತರ್ತಿದೀನಿ. ಮುಳ್ಳು ಕಟ್ಟೋಕೆ ನನ್ನ ಕೈಲಿ ಆಗೋದು ಅಷ್ಟೇ.

- ಒಬ್ಬ ರೈತ, ಶಿರಸಿ ತಾಲೂಕು