ಮಕ್ಕಳು ಒಂದು ಕಡೆ, ಮೇಷ್ಟ್ರು ಇನ್ನೊಂದು ಕಡೆ

ಮಾನ್ಯ ಸಂಪಾದಕರೇ,

ನಾನು ಬೆಂಗಳೂರಿನ ಪೀಣ್ಯದ ಹತ್ತಿರ ಸಣ್ಣದೊಂದು ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಮಗಳು ಇಲ್ಲೇ ಸರ್ಕಾರಿ ಶಾಲೆಯಲ್ಲಿ 6ನೇ ಕ್ಲಾಸು. ಮೂರು ವರ್ಷದಿಂದ ಅದೇ ಶಾಲೆಯ ಎಸ್‌ಡಿಎಂಸಿ (ಪೋಷಕರೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಸಮಿತಿ) ಸದಸ್ಯೆಯಾಗಿದ್ದೇನೆ. ಸರ್ಕಾರಿ ಶಾಲೆ ಅಂದರೆ ಸಾಮಾನ್ಯವಾಗಿ ಎರಡು ಸುದ್ದಿ ಓದುತ್ತೇವೆ. ಮಕ್ಕಳಿಲ್ಲದೆ ಬಾಗಿಲು ಹಾಕಿದ ಶಾಲೆ, ಇಲ್ಲವೇ ಮಳೆಗೆ ಸೋರುವ ಶಾಲೆ. ನಮ್ಮ ಕಡೆಯ ಕಷ್ಟ ಬೇರೆ. ನಮ್ಮಲ್ಲಿ ಮಕ್ಕಳು ಜಾಸ್ತಿ. ಕೂರಿಸಲು ಜಾಗವಿಲ್ಲ, ಕಲಿಸಲು ಜನ ಸಾಲದು.

ಕಳೆದ ಜುಲೈನಲ್ಲಿ ಒಂದು ದಿನ ನಲಿ-ಕಲಿ ಕೋಣೆಯಲ್ಲಿ ಕೂತು ನೋಡಿದೆ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕಲಿಯುವ ಕೋಣೆ ಅದು. ಬಾಗಿಲಿಂದ ಶುರುಮಾಡಿ ಎಣಿಸಿದೆ. 68 ಮಕ್ಕಳು, ಒಬ್ಬರೇ ಮಿಸ್. ನಲಿ-ಕಲಿ ಒಳ್ಳೆಯ ಪದ್ಧತಿ, ಅದರಲ್ಲಿ ನನಗೆ ಅನುಮಾನವಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಹಳ್ಳಿ ಶಾಲೆಗಳಲ್ಲಿ ಅಲ್ಲಿನ ಮೇಷ್ಟ್ರುಗಳೇ ಸೇರಿ ಅದನ್ನು ಕಟ್ಟಿದರು. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರಬೇಕು. ಒಂದು ಗುಂಪಿಗೆ ಟೀಚರ್ ಪೂರ್ತಿ ಸಹಾಯ ಮಾಡಬೇಕು, ಇನ್ನೊಂದು ಗುಂಪಿಗೆ ಗೆಳೆಯರೇ ಹೇಳಿಕೊಡಬೇಕು, ಮತ್ತೊಂದು ಗುಂಪು ತಾನೇ ಕಲಿಯಬೇಕು. ಹೀಗೆ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಏಣಿ, ಅಂದರೆ ಪಾಠದ ಒಂದೊಂದೇ ಮೆಟ್ಟಿಲು ಹತ್ತಬೇಕು. ಇಪ್ಪತ್ತೈದು, ಮೂವತ್ತು ಮಕ್ಕಳಿದ್ದರೆ ಇದು ಚೆನ್ನಾಗಿ ನಡೆಯುತ್ತದೆ.

68 ಮಕ್ಕಳಿದ್ದರೆ ಗುಂಪು ಎಲ್ಲಿಂದ ಬರಬೇಕು? ಒಬ್ಬರ ಮಂಡಿ ಇನ್ನೊಬ್ಬರ ಬೆನ್ನಿಗೆ ತಾಗುತ್ತಿತ್ತು. ಮಿಸ್ ಈ ಮೂಲೆಯಿಂದ ಆ ಮೂಲೆಗೆ ಹೋಗಬೇಕಾದರೆ ಮಕ್ಕಳ ಕೈ ತುಳಿಯದ ಹಾಗೆ ಕಾಲಿಡಲು ಜಾಗ ಹುಡುಕುತ್ತಿದ್ದರು. ಕಿಟಕಿ ಪಕ್ಕದಲ್ಲಿ ಒಬ್ಬ ಹುಡುಗ ಅಕ್ಷರದ ಕಾರ್ಡನ್ನು ತಲೆಕೆಳಗಾಗಿ ಹಿಡಿದುಕೊಂಡು ಮುಕ್ಕಾಲು ಗಂಟೆ ಕೂತಿದ್ದ. ಗಲಾಟೆ ಮಾಡಲಿಲ್ಲ, ಅಳಲಿಲ್ಲ. ಸುಮ್ನೆ ಇದ್ದ. ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ. ಮಿಸ್ ಮೇಲೆ ನನಗೆ ಸಿಟ್ಟಿಲ್ಲ. ಅವರು ಬೆಳಿಗ್ಗೆಯಿಂದ ಒಂದು ಗಳಿಗೆ ಕೂತಿದ್ದನ್ನು ನಾನು ನೋಡಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ಕ್ಲಾಸಿನವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಇರಬೇಕು, ಆಮೇಲೆ 35ಕ್ಕೆ ಒಬ್ಬರು. ಆ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಇನ್ನೊಂದು ಶಾಲೆಯ ವಿಷಯ ಹೇಳುತ್ತೇನೆ. ನಾನು ಓದಿದ್ದು ನಗರದ ಹಳೇ ಬಡಾವಣೆಯೊಂದರ ಸರ್ಕಾರಿ ಶಾಲೆಯಲ್ಲಿ. ತಂಗಿ ಮನೆಗೆ ಹೋದಾಗ ಈಚೆಗೆ ಒಳಗೆ ಹೋಗಿ ನೋಡಿಕೊಂಡು ಬಂದೆ. ಕಲ್ಲಿನ ಕಟ್ಟಡ, ದೊಡ್ಡ ಕಿಟಕಿಗಳು, ಅಂಗಳದಲ್ಲಿ ಅದೇ ಹೊಂಗೆ ಮರ. ನಾವು ಬೆಂಚಿಗೆ ಐದು ಜನ ಕೂರುತ್ತಿದ್ದ ಕೋಣೆಗೆ ಬೀಗ. ಒಳಗೆ ಮುರಿದ ಡೆಸ್ಕು, ಹಳೇ ಮತಪೆಟ್ಟಿಗೆ. ಇಡೀ ಶಾಲೆಗೆ ಮೂವತ್ತು ಚಿಲ್ಲರೆ ಮಕ್ಕಳು, ಮೂವರು ಶಿಕ್ಷಕರು. ಮೂವರೂ ಕಾಯಂ, ಮೂವರೂ ಅನುಭವಸ್ಥರು. ಅಲ್ಲಿಂದ ನಮ್ಮ ಶಾಲೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದಾರಿ.

ಹೀಗೇಕಾಯಿತು ಅನ್ನುವುದು ಕಷ್ಟದ ಲೆಕ್ಕವಲ್ಲ. ಹಳೇ ಬಡಾವಣೆಯಲ್ಲಿ ಬಾಡಿಗೆ ಏರಿತು. ಕೂಲಿ ಮಾಡುವವರು, ಮನೆಗೆಲಸದವರು, ಹೂ ಮಾರುವವರು ಒಬ್ಬೊಬ್ಬರಾಗಿ ಊರ ಹೊರಕ್ಕೆ ಬಂದರು. ಅಲ್ಲೇ ಉಳಿದವರು ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿದರು. ನಮ್ಮ ಕಡೆ ಗಾರ್ಮೆಂಟ್ಸ್ ಬಂತು, ಕಾರ್ಖಾನೆ ಬಂತು, ಶೀಟ್ ಮನೆಗಳು ಎದ್ದವು. ಒಂದೊಂದು ವಠಾರದಲ್ಲಿ ಹತ್ತು ಸಂಸಾರ. ಜನ ಜಾಗ ಬದಲಿಸಿದರು, ಶಾಲೆಗಳು ಮಾತ್ರ ಮೊದಲಿದ್ದಲ್ಲೇ ಉಳಿದವು. ನಗರದ ಸರ್ಕಾರಿ ಶಾಲೆಗಳನ್ನೆಲ್ಲ ಒಟ್ಟು ಸೇರಿಸಿ ಸರಾಸರಿ ತೆಗೆದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅಲ್ಲಿ 30ಕ್ಕೆ 3, ಇಲ್ಲಿ 68ಕ್ಕೆ 1. ಎರಡನ್ನೂ ಕೂಡಿಸಿ ಭಾಗಿಸಿದರೆ ಒಬ್ಬ ಶಿಕ್ಷಕರಿಗೆ ಸುಮಾರು ಇಪ್ಪತ್ತೈದು ಮಕ್ಕಳಷ್ಟೇ ಬರುತ್ತಾರೆ. ಆದರೆ ಆ ಕಿಟಕಿ ಪಕ್ಕದ ಹುಡುಗ ಸರಾಸರಿಯಲ್ಲಿ ಕೂತಿಲ್ಲ, 68ರಲ್ಲಿ ಕೂತಿದ್ದಾನೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅದೇ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಅಡಿಯಲ್ಲಿ ಖಾಸಗಿ ಶಾಲೆಗಳ ಶೇ 25ರಷ್ಟು ಸೀಟು ಬಡವರ ಮಕ್ಕಳಿಗೆ ಸಿಗುತ್ತಿತ್ತು. ನಮ್ಮ ವಠಾರದಲ್ಲೇ ಇಬ್ಬರು ಮಕ್ಕಳು ಹಾಗೆ ಸೇರಿದ್ದರು. ನಮ್ಮ ರಾಜ್ಯ ನಿಯಮ ತಿದ್ದಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಾಗಿಲ್ಲ ಎಂದಾಯಿತು. 2019ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಲಕ್ಷದ ಲೆಕ್ಕದಲ್ಲಿದ್ದ ಸೀಟುಗಳು ಸಾವಿರದ ಲೆಕ್ಕಕ್ಕೆ ಇಳಿದವು. ನಾನು ಆ ತಿದ್ದುಪಡಿಯ ವಿರೋಧಿಯಲ್ಲ. ಸರ್ಕಾರದ ದುಡ್ಡು ಖಾಸಗಿ ಶಾಲೆಗೆ ಯಾಕೆ ಹೋಗಬೇಕು, ಅದೇ ದುಡ್ಡಲ್ಲಿ ಸರ್ಕಾರಿ ಶಾಲೆ ಗಟ್ಟಿ ಮಾಡೋಣ ಅನ್ನುವ ಮಾತು ನ್ಯಾಯವಾದದ್ದೇ. ಆದರೆ "ನಿಮ್ಮ ಹತ್ತಿರವೇ ನಮ್ಮ ಶಾಲೆ ಇದೆ, ಅಲ್ಲಿಗೆ ಬನ್ನಿ" ಅಂತ ಕರೆದವರು ಬಂದ ಮಕ್ಕಳಿಗೆ ಮೇಷ್ಟ್ರನ್ನು ಕೊಡಬೇಕಲ್ವಾ? ಇನ್ನೊಂದು ಬಾಗಿಲು ಮುಚ್ಚಿದ ಮೇಲೆ ಈ ಬಾಗಿಲಿನ ಹೊಣೆ ಜಾಸ್ತಿಯಾಗುತ್ತದೆ.

ಮಕ್ಕಳ ಲೆಕ್ಕ ಹಿಡಿಯುವ ಕಾಲದಲ್ಲೂ ಒಂದು ತೊಡಕಿದೆ. ಶಾಲೆಗೆ ಎಷ್ಟು ಶಿಕ್ಷಕರು ಅನ್ನುವುದು ದಾಖಲಾತಿಯ ಮೇಲೆ ನಿಂತಿದೆ. ನಮ್ಮಲ್ಲಿ ಮಕ್ಕಳು ಜೂನ್‌ನಲ್ಲಷ್ಟೇ ಬರುವುದಿಲ್ಲ. ಯಾದಗಿರಿ, ರಾಯಚೂರು, ಕಲಬುರಗಿ ಕಡೆ ಸುಗ್ಗಿ ಮುಗಿಯುತ್ತಿದ್ದ ಹಾಗೆ ಸಂಸಾರಗಳು ಕಟ್ಟಡದ ಕೆಲಸಕ್ಕೆ ಗುಳೆ ಬರುತ್ತವೆ. ನಮ್ಮ ಶಾಲೆಗೆ ನವೆಂಬರ್‌ನಿಂದ ಜನವರಿಯವರೆಗೂ ಹೊಸ ಮುಖಗಳು ಬರುತ್ತಲೇ ಇರುತ್ತವೆ. ಈ ಮಕ್ಕಳಿಗಾಗಿ ಹೊಸ ಶಿಕ್ಷಕರು ಬಂದದ್ದನ್ನು ಮೂರು ವರ್ಷದಲ್ಲಿ ನಾನು ನೋಡಿಲ್ಲ.

ಹೋದ ವರ್ಷ ಯಾದಗಿರಿ ಕಡೆಯ ಒಂಬತ್ತು ವರ್ಷದ ಹುಡುಗಿಯೊಬ್ಬಳು ಡಿಸೆಂಬರ್‌ನಲ್ಲಿ ಅಮ್ಮನ ಕೈ ಹಿಡಿದು ನನ್ನ ಅಂಗಡಿಗೆ ಬಂದಳು. ಯೂನಿಫಾರ್ಮ್ ಹೊಲಿಸಲು ಅಲ್ಲ, ಶಾಲೆ ಎಲ್ಲಿ ಅಂತ ಕೇಳಲು. ಅದಕ್ಕೂ ಮೊದಲು ಇನ್ನೊಂದು ಶಾಲೆಗೆ ಹೋಗಿದ್ದರಂತೆ. ಟಿಸಿ ತನ್ನಿ, ಆಧಾರ್ ತನ್ನಿ ಅಂದಿದ್ದಾರೆ. ಟಿಸಿ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲ ಅಂತಲೂ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿಕೊಂಡು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ನಮ್ಮ ಹೆಡ್ ಮಿಸ್ ಆವತ್ತೇ ಅವಳನ್ನು 4ನೇ ಕ್ಲಾಸಿನಲ್ಲಿ ಕೂರಿಸಿದರು. ಹಳೇ ಊರಿನ ಶಾಲೆಗೆ ತಾವೇ ಫೋನ್ ಮಾಡಿ ಅವಳ ಸ್ಯಾಟ್ಸ್ ನಂಬರ್, ಅಂದರೆ ಇಲಾಖೆಯ ಕಂಪ್ಯೂಟರಿನಲ್ಲಿ ಪ್ರತಿ ಮಗುವಿಗೂ ಇರುವ ನಂಬರ್ ಪಡೆದರು. ವಿಶೇಷ ತರಬೇತಿ ಮಾತ್ರ ಆಗಲಿಲ್ಲ. ಯಾರು ಕೊಡಬೇಕು? ಇರುವ ಶಿಕ್ಷಕರಲ್ಲಿ ಒಬ್ಬರು ಯಾವಾಗಲೂ ಯಾವುದೋ ಡ್ಯೂಟಿಯಲ್ಲಿರುತ್ತಾರೆ. 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಕು, ಒಪ್ಪುತ್ತೇನೆ. ಆದರೆ ಪಾಠ ಕಳೆದುಕೊಂಡವರು ನಮ್ಮ ಮಕ್ಕಳೇ.

ಕೊರತೆ ತುಂಬಲು ಅತಿಥಿ ಶಿಕ್ಷಕರಿದ್ದಾರೆ, ಅಂದರೆ ತಾತ್ಕಾಲಿಕವಾಗಿ ಬರುವವರು. ಅವರಿಗೆ ತಿಂಗಳಿಗೆ 10 ಸಾವಿರದಷ್ಟಿದ್ದ ಗೌರವಧನವನ್ನು 2025ರ ಬಜೆಟ್‌ನಲ್ಲಿ 2 ಸಾವಿರ ಏರಿಸಿದರು. ಬಿ.ಇಡಿ ಮಾಡಿದ ಹೆಣ್ಣುಮಗಳು ಇಷ್ಟರಲ್ಲಿ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ, ಬಸ್ಸಿನಲ್ಲಿ ಓಡಾಡಿ ಬದುಕಬೇಕು. ನಮ್ಮ ಶಾಲೆಯ ಒಬ್ಬ ಅತಿಥಿ ಮಿಸ್ ಸಂಜೆ ನನ್ನ ಅಂಗಡಿಯಲ್ಲಿ ಬ್ಲೌಸಿಗೆ ಹುಕ್ಸ್ ಹಾಕಿಕೊಟ್ಟು ನಾಲ್ಕು ಕಾಸು ಸಂಪಾದಿಸುತ್ತಾರೆ. ಬೆಳಿಗ್ಗೆ ನನ್ನ ಮಗಳಿಗೆ ಗಣಿತ ಹೇಳಿಕೊಡುವ ಕೈ ಅದು. ಅವರಿಗೆ ದುಡ್ಡು ಕೊಡುವಾಗ ನನಗೆ ನಾಚಿಕೆಯಾಗುತ್ತದೆ.

ಇನ್ನು ಕಂಪನಿಗಳ ಸಿಎಸ್‌ಆರ್ ದುಡ್ಡು, ಅಂದರೆ ಸಮಾಜದ ಕೆಲಸಕ್ಕೆ ಅವರು ಕೊಡುವ ಹಣ. ಕೊಡುವವರ ಮನಸ್ಸು ದೊಡ್ಡದು, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ನಾನು ಕಂಡ ಮಟ್ಟಿಗೆ ಅದು ಮೇನ್ ರೋಡಿನ ಶಾಲೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಒಂದೇ ಶಾಲೆಗೆ ಎರಡು ಸಲ ಬಣ್ಣ ಹೊಡೆದದ್ದನ್ನು ನೋಡಿದ್ದೇನೆ. ಗಲ್ಲಿಯೊಳಗಿನ ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯದ ಮುಂದೆ ಬಿಡುವಿನ ಹತ್ತು ನಿಮಿಷವೂ ಸಾಲೇ. ಬೆಳಿಗ್ಗೆಯಿಂದ ನೀರು ಕುಡಿಯದೆ ಇರುವುದನ್ನು ನನ್ನ ಮಗಳು ಅಭ್ಯಾಸ ಮಾಡಿಕೊಂಡಿದ್ದಾಳೆ. ಬಿಸಿಯೂಟ, ಹಾಲು, ಮೊಟ್ಟೆ ಎಲ್ಲ ಸಿಗುತ್ತಿದೆ, ಅದರ ಬಗ್ಗೆ ದೂರಿಲ್ಲ.

ಹಾಗಾದರೆ ಹಳೇ ಬಡಾವಣೆಯ ಶಾಲೆ ಮುಚ್ಚಿ ಎನ್ನುತ್ತಿದ್ದೇನಾ? ಇಲ್ಲ. ಅಲ್ಲಿಯ ಮೂವತ್ತು ಮಕ್ಕಳು ಅಲ್ಲಿಯ ಮನೆಗೆಲಸದವರ, ವಾಚ್‌ಮನ್‌ಗಳ ಮಕ್ಕಳು. ಅವರಿಗೂ ನಡೆದು ಹೋಗುವಷ್ಟು ಹತ್ತಿರ ಶಾಲೆ ಬೇಕು. ನನ್ನ ಬೇಡಿಕೆ ಇಷ್ಟೇ. ಡಿಸೆಂಬರ್ ಕೊನೆಗೆ ನಗರದ ಎಲ್ಲ ಸರ್ಕಾರಿ ಶಾಲೆಗಳಲ್ಲಿ ಇನ್ನೊಮ್ಮೆ ತಲೆ ಎಣಿಸಿ. ಯಾವ ಶಾಲೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಕಾಯಂ ಶಿಕ್ಷಕರು, ಎಷ್ಟು ಅತಿಥಿ ಶಿಕ್ಷಕರು ಎಂಬ ಪಟ್ಟಿಯನ್ನು ಪ್ರತಿ ಶಾಲೆಯ ಗೇಟಿಗೆ ಅಂಟಿಸಿ. ಹೊಸ ನೇಮಕಾತಿಯಾದಾಗ ನಗರದಲ್ಲಿ ಮೊದಲ ಶಿಕ್ಷಕರು ಅತಿ ಹೆಚ್ಚು ಮಕ್ಕಳಿರುವ ಕೋಣೆಗೆ ಹೋಗಲಿ. 2025ರ ಬಜೆಟ್‌ನಲ್ಲಿ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆಗಳ (ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ ಇರುವ ಸರ್ಕಾರಿ ಶಾಲೆ) ಮಾತು ಬಂದಿದೆ. ಬೆಂಗಳೂರಿನ ಪಾಲಿಗೆ ಬರುವುದನ್ನು ಶೀಟ್ ಮನೆಗಳಿರುವ ಕಡೆ ಕಟ್ಟಿ. ಅಲ್ಲಿ ಜಾಗ ಸಿಗುವುದಿಲ್ಲ ಎಂಬ ಉತ್ತರ ಬರುತ್ತದೆ ಅಂತ ಗೊತ್ತು. ಕಾರ್ಖಾನೆಗೆ ಸಿಕ್ಕ ಕಡೆ ಕಾರ್ಮಿಕರ ಮಕ್ಕಳ ಶಾಲೆಗೂ ಸಿಗಬೇಕು.

ಡಿಸೆಂಬರ್‌ನಲ್ಲಿ ಬಂದ ಆ ಹುಡುಗಿ ಏಪ್ರಿಲ್ ಹೊತ್ತಿಗೆ ಅಂಗಡಿಯ ಬೋರ್ಡನ್ನು ಕೂಡಿಸಿ ಓದುತ್ತಿದ್ದಳು. ಮೇ ತಿಂಗಳಲ್ಲಿ ಅವಳಪ್ಪನಿಗೆ ವೈಟ್‌ಫೀಲ್ಡ್ ಕಡೆ ಬೇರೆ ಸೈಟ್ ಸಿಕ್ಕಿತು. ಹೊರಡುವ ಮುಂಚೆ ಹೆಡ್ ಮಿಸ್ ಟಿಸಿ ಬರೆದು, ಲ್ಯಾಮಿನೇಷನ್ ಮಾಡಿಸಿ, ಅವಳಮ್ಮನ ಕೈಗೆ ಕೊಟ್ಟರು. ಈ ಸಲ ಕಾಗದವೇನೋ ಅವಳ ಹತ್ತಿರ ಇದೆ. ಹೋದ ಕಡೆ ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದಾರೋ, ಮಿಸ್ ಇದ್ದಾರೋ ಇಲ್ಲವೋ ಅಂತ ದಿನಾ ಯೋಚನೆ ಬರುತ್ತದೆ.

ಇಂತಿ,
ಸರ್ಕಾರಿ ಶಾಲೆಯೊಂದರ ಎಸ್‌ಡಿಎಂಸಿ ಸದಸ್ಯೆ,
ಪೀಣ್ಯ, ಬೆಂಗಳೂರು