ಸೋಮವಾರದ ಗುಳಿಗೆ ಮತ್ತು ಆಗಸ್ಟ್ 10ರ ಜಂತುಹುಳದ ಮಾತ್ರೆ: ಪೋಷಕರಿಗೆ ಪತ್ರ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಗದಗ ತಾಲ್ಲೂಕು

ಪೋಷಕರೇ, ನಮಸ್ಕಾರ.

ಸೋಮವಾರ ಬಿಸಿಯೂಟದ ನಂತರ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ಕೆಲವು ಮಕ್ಕಳು ನಾಲಿಗೆಯ ಕೆಳಗಿಟ್ಟುಕೊಂಡು ಹೋಗಿ ನಳದ ಹತ್ತಿರ ಉಗುಳುತ್ತಿದ್ದಾರೆ. ಕೇಳಿದರೆ "ಅವ್ವ ಬ್ಯಾಡ ಅಂದಾಳ್ರಿ" ಎನ್ನುತ್ತಾರೆ. ನೀವು ಬೇಡ ಎನ್ನುವುದು ಮಕ್ಕಳ ಮೇಲಿನ ಕಾಳಜಿಯಿಂದಲೇ. ಅದಕ್ಕೇ ನಿಮ್ಮ ಅನುಮಾನಗಳಿಗೆ ನೇರವಾಗಿ ಉತ್ತರ ಬರೆಯುತ್ತಿದ್ದೇವೆ.

ಹೊಟ್ಟೆ ತೊಳಸುತ್ತದೆ ಎಂಬುದು ನಿಜ. ಬರಿಹೊಟ್ಟೆಯಲ್ಲಿ ನುಂಗಿದರೆ ಹಾಗಾಗುವುದು ಹೆಚ್ಚು. ಶ್ರಾವಣ ಸೋಮವಾರ ಉಪವಾಸ ಮಾಡುವ ಮಕ್ಕಳಲ್ಲಿ ಈ ತೊಂದರೆ ಬರುತ್ತದೆ. ನಿಮ್ಮ ಮನೆಯಲ್ಲಿ ಸೋಮವಾರ ಹಿಡಿಯುವ ಪದ್ಧತಿ ಇದ್ದರೆ ತರಗತಿ ಶಿಕ್ಷಕರಿಗೆ ಹೇಳಿ ಕಳಿಸಿ, ಆ ಮಗುವಿಗೆ ಮಂಗಳವಾರ ಊಟವಾದ ಮೇಲೆ ಕೊಡುತ್ತೇವೆ. ಮಲ ಕಪ್ಪಾದರೆ ಗಾಬರಿ ಬೇಡ. ಮೈಗೆ ಹತ್ತದೆ ಉಳಿದ ಕಬ್ಬಿಣ ಹಾಗೆ ಹೊರಗೆ ಹೋಗುತ್ತದೆ.

"ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲ" ಎಂಬ ಮಾತು ಊರಲ್ಲಿ ಹಬ್ಬಿದೆ. ಇದು ಪೂರ್ತಿ ಸುಳ್ಳು. 1ರಿಂದ 5ನೇ ತರಗತಿಯವರ ಗುಲಾಬಿ ಗುಳಿಗೆಯಲ್ಲಿ 45 ಮಿಲಿಗ್ರಾಂ ಕಬ್ಬಿಣ, 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. 6ನೇ ತರಗತಿಯಿಂದ ಮೇಲಿನವರ ನೀಲಿ ಗುಳಿಗೆಯಲ್ಲಿ 60 ಮಿಲಿಗ್ರಾಂ ಮತ್ತು 500 ಮೈಕ್ರೋಗ್ರಾಂ. ಬಸುರಿಯರಿಗೆ ಆಶಾ ಕಾರ್ಯಕರ್ತೆಯರು ತಂದುಕೊಡುವ ಕೆಂಪು ಗುಳಿಗೆಯಲ್ಲಿ ಇರುವುದೂ ಇವೇ ಎರಡು, ಅದನ್ನು ದಿನಕ್ಕೊಂದು ನುಂಗಬೇಕು. ಮಕ್ಕಳಿಗೆ ವಾರಕ್ಕೊಂದು ಮಾತ್ರ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8ರಷ್ಟು ಜನರಿಗೆ ರಕ್ತಹೀನತೆ ಇತ್ತು. ಹೊಟ್ಟೆ ತುಂಬ ರೊಟ್ಟಿ ಉಣ್ಣುವ ಮಗುವಿಗೂ ರಕ್ತ ಕಡಿಮೆ ಇರಬಹುದು. ಜೋಳ, ಬೇಳೆಕಾಳಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ, ಊಟದ ಬೆನ್ನಿಗೇ ಚಹಾ ಕುಡಿದರೆ ಇನ್ನೂ ಕಡಿಮೆ. ಊಟಕ್ಕೂ ಚಹಾಕ್ಕೂ ಒಂದು ತಾಸಾದರೂ ಅಂತರ ಇರಲಿ. ಕಾಳಿನ ಪಲ್ಯದ ಮೇಲೆ ಅರ್ಧ ಲಿಂಬೆಹಣ್ಣು ಹಿಂಡಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಹಾಲೂ ಕಬ್ಬಿಣಕ್ಕೆ ಅಡ್ಡಿ, ಆದ್ದರಿಂದಲೇ ಬೆಳಗಿನ ಹಾಲಿನ ಜೊತೆ ನಾವು ಗುಳಿಗೆ ಕೊಡುವುದಿಲ್ಲ.

ನಿಮ್ಮ ಮಗು ಬಳಪ, ಮಣ್ಣು, ಹಸಿ ಅಕ್ಕಿ ತಿನ್ನುತ್ತದೆಯೇ? ದಯವಿಟ್ಟು ಹೊಡೆಯಬೇಡಿ. ಅದು ಬಹಳ ಸಲ ಕಬ್ಬಿಣದ ಕೊರತೆಯ ಗುರುತು. ಬೆಳಕಿನಲ್ಲಿ ನಿಲ್ಲಿಸಿ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆ ಎಳೆದು ನೋಡಿ. ಒಳಭಾಗ ಕೆಂಪಗಿರದೆ ಬಿಳಿಚಿಕೊಂಡಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 5ರಿಂದ 11 ವಯಸ್ಸಿನವರಿಗೆ 11.5 ಗ್ರಾಂ, 12ರಿಂದ 14ರವರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ವಾರದ ಗುಳಿಗೆ ಸಾಲದು, ವೈದ್ಯರು ಬೇರೆ ಚಿಕಿತ್ಸೆ ಬರೆದುಕೊಡುತ್ತಾರೆ.

ಆಗಸ್ಟ್ 10ರಂದು ಜಂತುಹುಳದ ಮಾತ್ರೆ. 400 ಮಿಲಿಗ್ರಾಂ ಅಲ್ಬೆಂಡಜೋಲ್, ಅದನ್ನು ಚೆನ್ನಾಗಿ ಅಗಿದು ನುಂಗಿ ನೀರು ಕುಡಿಯಬೇಕು. ಅಂದು ಬಾರದವರಿಗೆ 17ರಂದು ಕೊಡುತ್ತೇವೆ. ಜ್ವರ ಇದ್ದವರಿಗೆ ಕೊಡುವುದಿಲ್ಲ. ಹೊಟ್ಟೆಯಲ್ಲಿ ಹುಳ ಹೆಚ್ಚಿದ್ದ ಮಗುವಿಗೆ ಸ್ವಲ್ಪ ಹೊತ್ತು ಹೊಟ್ಟೆನೋವು, ವಾಕರಿಕೆ ಬರಬಹುದು. ನೆರಳಲ್ಲಿ ಮಲಗಿಸಿ ನೀರು ಕುಡಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಇಳಿಯದಿದ್ದರೆ ನಾವೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ನಿಮಗೆ ಫೋನ್ ಮಾಡುತ್ತೇವೆ.

ಕೊಕ್ಕೆಹುಳ ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಬಯಲಿಗೆ ಹೋಗುವಾಗ, ಹಸಿ ನೆಲದಲ್ಲಿ ಓಡಾಡುವಾಗ ಕಾಲಲ್ಲಿ ಚಪ್ಪಲಿ ಇರಲಿ. ದುಂಡುಹುಳದ ತತ್ತಿ ಬರುವುದು ಬಾಯಿಂದ. ರೊಟ್ಟಿ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ, ಮೆಂತ್ಯ, ಮೂಲಂಗಿ ತಪ್ಪಲನ್ನು ಬುಟ್ಟಿಯಲ್ಲೇ ನೀರು ಚಿಮುಕಿಸಿದರೆ ಸಾಲದು. ಬೇರು ಕತ್ತರಿಸಿ, ಎಲೆ ಬಿಡಿಸಿ, ಎರಡು ಮೂರು ಸಲ ನೀರು ಬದಲಿಸಿ ತೊಳೆಯಿರಿ. ಹಸಿ ತಪ್ಪಲು ಬಿಡಬೇಡಿ, ಅದು ಒಳ್ಳೆಯ ಆಹಾರ.

ಥಲಸೇಮಿಯಾದಂತಹ ರಕ್ತದ ಕಾಯಿಲೆ ಇರುವ ಮಗುವಿನ ವಿಷಯ ಮೊದಲೇ ತಿಳಿಸಿ. ವೈದ್ಯರನ್ನು ಕೇಳದೆ ಆ ಮಗುವಿಗೆ ಕಬ್ಬಿಣದ ಗುಳಿಗೆ ಕೊಡಬಾರದು.

ಮನೆಯಲ್ಲಿರುವ ಕಬ್ಬಿಣದ ಗುಳಿಗೆಗಳನ್ನು ಚಿಕ್ಕವರ ಕೈಗೆ ಸಿಗದಂತೆ ಮೇಲೆ ಇಡಿ. ಬಣ್ಣ ನೋಡಿ ಪೆಪ್ಪರಮಿಂಟ್ ಎಂದು ಒಮ್ಮೆಗೇ ಹಲವು ನುಂಗಿದರೆ ಜೀವಕ್ಕೆ ಅಪಾಯ. ಹಾಗಾದರೆ ವಾಂತಿ ಬರಲೆಂದು ಕಾಯದೆ 108ಕ್ಕೆ ಕರೆ ಮಾಡಿ, ಗುಳಿಗೆ ಚೀಟಿಯನ್ನೂ ಆಸ್ಪತ್ರೆಗೆ ಒಯ್ಯಿರಿ.

ಮಗುವಿಗೆ ಗುಳಿಗೆ ಬೇಡವೆನಿಸಿದರೆ ಕಾರಣವನ್ನು ಈ ಪತ್ರದ ಹಿಂದೆ ಬರೆದು ಕಳಿಸಿ, ಇಲ್ಲವೇ ಶಾಲೆಗೆ ಬಂದು ಹೇಳಿ. ಬಲವಂತವಾಗಿ ಯಾವ ಮಗುವಿಗೂ ನುಂಗಿಸುವುದಿಲ್ಲ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ